ಕೀಮನ್ ಮಾಮಾ ಮತ್ತು ನೀಲಿ ಚುಕ್ಕಿ

ಕೀಮನ್ ಮಾಮಾ ಡಾಂಬರು ರಸ್ತೆಯ ಮೇಲೂ ಹೆಜ್ಜೆ ಅಳೆದು ಇಡುತ್ತಿದ್ದರು. ಒಂದು ಹೆಜ್ಜೆಗೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸ ಇರುತ್ತಿರಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಹಳಿಗಳ ಅಡಿಗೆ ಅಡ್ಡ ಹಾಕಿದ ಸ್ಲೀಪರ್‌ಗಳ ಮೇಲೆ ನಡೆದ ಕಾಲು ಅದು, ನೆಲ ಬದಲಾದದ್ದು ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಸುತ್ತಿಗೆ ಹೊತ್ತು ಹೊತ್ತು ಬಲಭುಜ ಎಡಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಅವರ ಜೊತೆ ವಾಡಿಯ ಬಜಾರಿಗೆ ಹೋದರೆ ನನಗೆ ರೇಗುತ್ತಿತ್ತು. ಬೇಗ ನಡೆಯುವವರೂ ಅಲ್ಲ, ನಿಲ್ಲುವವರೂ ಅಲ್ಲ.

ಅವರು ನಮ್ಮ ಪಕ್ಕದ ಮನೆಯವರು. ದಿನಾ ಬೆಳಿಗ್ಗೆ ತನಗೆ ಹಂಚಿದ ಹದ್ದಿನ ಹಳಿಯುದ್ದಕ್ಕೂ ನಡೆದು, ಹಳಿಯನ್ನು ಹಿಡಿದಿಡುವ ಕಬ್ಬಿಣದ ಚಾವಿಗಳಲ್ಲಿ ಸಡಿಲಾದವನ್ನು ಬಡಿದು ಬಿಗಿ ಮಾಡುವುದು ಕೀಮನ್‌ನ ಕೆಲಸ. ಹದ್ದು ಮುಗಿದಲ್ಲಿ ಆ ಕಡೆಯ ಕೀಮನ್ ಬರುತ್ತಾನೆ. ಅವನ ಮುಖ ನೋಡದೆ ಮಾಮಾ ಒಂದು ದಿನವೂ ತಿರುಗಿ ಬಂದವರಲ್ಲ. ಅವನು ತಡ ಮಾಡಿದರೆ ಇವರು ಅಲ್ಲೇ ಕುಳಿತು ಕಾಯುವವರು. ನಾನು ಯಾವುದಕ್ಕಾದರೂ ಗಾಬರಿಯಾದರೆ, "ಹಳಿ ಮ್ಯಾಲ ನಿಂತು ವಿಚಾರ ಮಾಡಬಾರದು ಯವ್ವಾ, ಕೆಳಗ ಇಳದು ಮಾಡಬೇಕು" ಎನ್ನುತ್ತಿದ್ದರು.

ನಮ್ಮಪ್ಪ ತೀರಿಕೊಂಡಾಗ ನಾನು ಚಿತ್ತಾಪುರದ ಕಾಲೇಜಿಗೆ ರೈಲಿನಲ್ಲಿ ಓಡಾಡುತ್ತಿದ್ದೆ. ಸಂಜೆಯ ಗಾಡಿ ಎಷ್ಟೇ ತಡವಾದರೂ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮಾಮಾ ಇರುತ್ತಿದ್ದರು. ನನಗಾಗಿ ಬಂದೆ ಎಂದು ಒಮ್ಮೆಯೂ ಹೇಳಲಿಲ್ಲ. ನಾನಿಳಿದರೆ ಎದ್ದು ಮುಂದೆ ನಡೆಯುವುದು, ನಾನು ಹಿಂದೆ. ಆ ಕಾಲೇಜು ಮುಗಿಸಿದ್ದಕ್ಕೇ ನನಗೆ ಇವತ್ತು ಸರ್ಕಾರಿ ನೌಕರಿ ಇದೆ.

ಹೋದ ವರ್ಷದ ಹಿಂದಿನ ವರ್ಷ ನಮ್ಮ ಓಣಿಯ ಬೌದ್ಧ ಕುಟುಂಬಗಳೆಲ್ಲ ಸೇರಿ ಬಸ್ಸು ಮಾಡಿಕೊಂಡು ಬುದ್ಧಗಯೆ, ಸಾರನಾಥ, ಕುಶಿನಗರ ನೋಡಿ, ಕೊನೆಗೆ ಬುದ್ಧ ಹುಟ್ಟಿದ ಲುಂಬಿನಿಗೆ ಹೊರಟೆವು. ಲುಂಬಿನಿ ಇರುವುದು ನೇಪಾಳದಲ್ಲಿ, ಅಂದರೆ ಪರದೇಶ. ಮಾಮಾ ಸಕ್ಕರೆ ಕಾಯಿಲೆಯ ಮನುಷ್ಯ. ಸೇಡಂನಲ್ಲಿರುವ ಅವರ ಮಗಳು ಗುಳಿಗೆಗಳ ಚೀಲವನ್ನು ನನ್ನ ಕೈಗಿಟ್ಟು, ಅಪ್ಪನನ್ನು ನಿನ್ನ ಭರವಸೆ ಮೇಲೆ ಕಳಿಸುತ್ತಿದ್ದೇನೆ ಎಂದಳು. ನಾನು ದೊಡ್ಡ ಜಂಬದಿಂದ ಹೂಂ ಅಂದೆ.

ಜಂಬಕ್ಕೆ ಕಾರಣವಿತ್ತು. ಗಡಿ ದಾಟಿದರೆ ನಮ್ಮ ಸಿಮ್ಮು ಕೆಲಸ ಮಾಡುವುದಿಲ್ಲ ಎಂದು ಗೊತ್ತಿದ್ದು, ಊರಲ್ಲೇ ಎಲ್ಲರ ಫೋನಿಗೂ ಲುಂಬಿನಿಯ ಮ್ಯಾಪ್ ಇಳಿಸಿಕೊಟ್ಟಿದ್ದೆ. ನೆಟ್‌ವರ್ಕ್ ಇಲ್ಲದಿದ್ದರೂ ಅದು ನಡೆಯುತ್ತದೆ. ಮಾಮಾರ ಹೊಸ ಫೋನಿನಲ್ಲಿ ಬಸ್ಸು ನಿಲ್ಲುವ ಜಾಗಕ್ಕೆ ಒಂದು ನಕ್ಷತ್ರದ ಗುರುತನ್ನೂ ಹಾಕಿದೆ. ನೀಲಿ ಚುಕ್ಕಿಯನ್ನು ತೋರಿಸಿ, ಇದನ್ನು ನೋಡುತ್ತಾ ಇರಿ, ಇದು ನಕ್ಷತ್ರದ ಹತ್ತಿರ ಬಂದರೆ ಬಸ್ಸು ಸಿಕ್ಕಿತು ಅಂತ ತಿಳಿಯಿರಿ ಎಂದೆ. ಅವರ ಮುಖದ ಅಂಜಿಕೆ ನೋಡಿ ಇನ್ನೊಂದು ಮಾತನ್ನೂ ಸೇರಿಸಿದೆ. "ಇದು ಕೈಯಾಗ ಇತ್ತಂದ್ರ ನಾ ನಿಮ್ಮ ಕೂಡ ಇದ್ದಂಗ, ಮಾಮಾ."

ಆ ಮಾತು ಯಾಕಾದರೂ ಆಡಿದೆನೋ.

ಲುಂಬಿನಿಯಲ್ಲಿ ಮೊದಲಿಗೆ ಕೆಟ್ಟದ್ದು ನಮ್ಮ ಗಡಿಯಾರ. ನೇಪಾಳದ ಹೊತ್ತು ನಮ್ಮದಕ್ಕಿಂತ ಹದಿನೈದು ನಿಮಿಷ ಮುಂದೆ. ಡ್ರೈವರ್ ಮೂರಕ್ಕೆ ಬನ್ನಿ ಅಂದದ್ದು ಯಾವ ಮೂರು ಎಂದು ನಮ್ಮಲ್ಲೇ ಜಗಳವಾಯಿತು. ನಮ್ಮ ಮೂರಾಯಿತು, ಅವರ ಮೂರೂ ಆಗಿಹೋಗಿತ್ತು, ಅವರವರ ಪಾಡಿಗೆ ನೋಡಲು ಹೋಗಿದ್ದವರೆಲ್ಲ ಬಸ್ಸು ಹತ್ತಿದರು, ಮಾಮಾ ಬರಲಿಲ್ಲ. ಬಸ್ಸಿನ ಪರವಾನಗಿ ಅವತ್ತು ಸಂಜೆಯವರೆಗೆ ಮಾತ್ರ. ಡ್ರೈವರ್ ಹಾರ್ನ್ ಹೊಡೆಯತೊಡಗಿದ. ಮಾಮಾರ ಮಧ್ಯಾಹ್ನದ ಗುಳಿಗೆಯೂ ರೊಟ್ಟಿಯೂ ನನ್ನ ಚೀಲದಲ್ಲೇ ಇದ್ದವು. 

ಮಾಮಾರಿಗೆ ಫೋನ್ ಹಚ್ಚಿದರೆ ಹತ್ತುವುದಿಲ್ಲ. ಮ್ಯಾಪ್ ತೆರೆದೆ. ವಿಹಾರಗಳು, ಕಾಲುವೆ, ಕಾಲುದಾರಿ, ಗೇಟುಗಳು, ಇಡೀ ಲುಂಬಿನಿ ಅಂಗೈಯಲ್ಲಿತ್ತು. ಮಾಮಾ ಮಾತ್ರ ಇರಲಿಲ್ಲ. ಇರುವುದಾದರೂ ಹೇಗೆ, ಅದು ನನ್ನ ಫೋನು, ಅದರಲ್ಲಿ ನನ್ನ ಚುಕ್ಕಿ. ನಾನು ತಿರುಗಿದರೆ ಮ್ಯಾಪೂ ತಿರುಗುತ್ತಿತ್ತು, ಎಡ ಯಾವುದು ಬಲ ಯಾವುದು ತಿಳಿಯದೆ ಒಂದೇ ವಿಹಾರದ ಮುಂದೆ ಮೂರು ಸಲ ಹಾದೆ. ಊರವರಿಗೆಲ್ಲ ದಾರಿ ಕಲಿಸಿದ ಪಂಡಿತೆಯ ಪಾಡು ಇದು. ಕೊನೆಗೆ ಮಾಮಾರ ಹೆಗಲ ಕೆಂಪು ಟವೆಲ್ಲಿನ ಗುರುತು ಹೇಳಿ, ಹರಕು ಹಿಂದಿಯಲ್ಲಿ ಕಂಡಕಂಡವರನ್ನು ಕೇಳುತ್ತಾ ಹೋದೆ. ಕೆಂಪು ಟವೆಲ್ಲಿನ ಮುದುಕ ಗೇಟಿನಾಚೆ ಗೋಡೆ ನೆರಳಲ್ಲಿ ಬಹಳ ಹೊತ್ತಿನಿಂದ ಕುಳಿತಿದ್ದಾನೆ ಎಂದು ಒಬ್ಬ ರಿಕ್ಷಾದವನು ಹೇಳಿ, ಕರೆದುಕೊಂಡೂ ಹೋದ.

ಮಾಮಾ ಕುಳಿತಿದ್ದರು. ಮುಖ ಬಾಡಿತ್ತು, ಕಣ್ಣು ಮಾತ್ರ ಫೋನಿನ ಮೇಲೆ. ನನ್ನನ್ನು ಕಂಡು ಗಾಬರಿಯೂ ಇಲ್ಲ, ಆಶ್ಚರ್ಯವೂ ಇಲ್ಲ. ರೊಟ್ಟಿ ಮುರಿದು ಕೊಟ್ಟೆ. ಎರಡು ತುತ್ತು ತಿಂದ ಮೇಲೆ ಅವರೇ ನನ್ನನ್ನು ಕೇಳಿದರು.

"ಕಾಲು ಭಾಳ ನೋಯಲಿಕತ್ತಾವೇನು ಯವ್ವಾ? ನೀ ಏಳಲೇ ಇಲ್ಲಲ್ಲ. ನೀ ಕುಂತಿ ಅಂತ ನಾನೂ ಕುಂತೆ."

ಅವರ ಕೈಯ ಫೋನಿನತ್ತ ಬಗ್ಗಿ ನೋಡಿದೆ. ಆಮೇಲೆ ಹೊಳೆಯಿತು. ಆ ಚುಕ್ಕಿ ನಾನೆಂದು ಅವರು ತಿಳಿದಿದ್ದರು. ಅವರು ನಡೆದರೆ ಚುಕ್ಕಿ ನಡೆಯುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಹಾಗಾಗಿ ನಾನು ಎಲ್ಲೋ ಹತ್ತಿರದಲ್ಲೇ, ಗೋಡೆಯಾಚೆಗೋ ಮರದಾಚೆಗೋ, ಜೊತೆಯಲ್ಲೇ ಬರುತ್ತಿದ್ದೇನೆ ಎಂದುಕೊಂಡು ಇಡೀ ಮಧ್ಯಾಹ್ನ ಅಲೆದಿದ್ದರು. ದಣಿದು ಕುಳಿತಾಗ ಚುಕ್ಕಿಯೂ ಕುಳಿತಿತು. ಜೊತೆಗಾತಿ ಕುಳಿತಿರುವಾಗ ಬಿಟ್ಟು ಹೋಗಬಾರದಲ್ಲ, ಹಸಿದ ಹೊಟ್ಟೆಯಲ್ಲಿ ನಾನು ಏಳಲಿ ಎಂದು ಕಾದಿದ್ದರು.

ಆಗ ನಾನು ಸುಮ್ಮನಿರಬೇಕಿತ್ತು. ಆದರೆ ಬಸ್ಸು ಹತ್ತಿದೊಡನೆ ಅವರಿವರು, ಮುದುಕರನ್ನು ಕರೆತಂದು ಹೀಗೆ ಬಿಡುವುದೇ ಎಂದು ನನ್ನನ್ನೇ ಬೈಯತೊಡಗಿದರು. ಅಂಜಿಕೆ ಇಳಿದಿತ್ತು, ಅದರ ಜಾಗಕ್ಕೆ ಸಿಟ್ಟು ಏರಿತು. ಎಲ್ಲರೆದುರು ಬಾಯಿಬಿಟ್ಟೆ. "ಮಾಮಾ, ಆ ಚುಕ್ಕಿ ನಾ ಅಲ್ಲ. ಅದು ನೀವೇ ಇದ್ದೀರಿ." ಬಸ್ಸು ತುಂಬ ನಗು. ಯಾರೋ ಚಪ್ಪಾಳೆಯನ್ನೂ ತಟ್ಟಿದರು.

ಮಾಮಾ ನಗಲಿಲ್ಲ. ಫೋನನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ ನನಗೊಬ್ಬಳಿಗೇ ಕೇಳುವಂತೆ ಅಂದರು, "ಹಂಗಾರ ಅಷ್ಟೊತ್ತು ಅಲ್ಲಿ ನಾ ಒಬ್ಬಾಂವನೇ ಇದ್ದೆನೇನು?"

ವಾಡಿ ಮುಟ್ಟುವವರೆಗೂ ಅವರು ಬೇರೆ ಮಾತುಗಳನ್ನೆಲ್ಲ ಆಡಿದರು, ಆ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಕ್ಷಮಿಸಿ ಎನ್ನಬೇಕೆಂದು ಎಷ್ಟೋ ಸಲ ಅವರ ಮನೆಯ ಹೊಸ್ತಿಲವರೆಗೆ ಹೋಗಿ, ಚಹಾ ಕುಡಿದು ವಾಪಸು ಬಂದಿದ್ದೇನೆ. ತಪ್ಪೇನು ಮಾಡಿದೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ನಿಜ ಹೇಳಿದ್ದೇ ತಪ್ಪೇ?

ಮುಂದಿನ ವರ್ಷ ಮಾಮಾ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಮೇಲೆ ಮಗಳು ನನ್ನನ್ನು ಒಳಮನೆಗೆ ಕರೆದು ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ನೇಪಾಳದಾಗ ಅಪ್ಪ ದಾರಿ ತಪ್ಪಿದಾಗ ನೀ ಹೆಜ್ಜಿಗೊಂದು ಹೆಜ್ಜಿ ಕೂಡೇ ಇದ್ದಿಯಂತ. ಫೋನ್ ಮಾಡಿದಾಗೊಮ್ಮೆ ಅದನ್ನೇ ಹೇಳತಿದ್ದ. ಒಂದು ಗಳಿಗಿನೂ ನನ್ನ ಬಿಡಲಿಲ್ಲ ಅಂತಿದ್ದ."

ನನ್ನ ಮಾತನ್ನು ಅವರು ನಂಬಲೇ ಇಲ್ಲವೋ, ಮರೆತರೋ, ಇಲ್ಲ ಎಲ್ಲ ಗೊತ್ತಿದ್ದೂ ಮಗಳ ಮುಂದೆ ನನ್ನ ಮಾನ ಕಾದರೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಲ್ಲ ತಂಗಿ, ಅವತ್ತು ನಾನು ಅಲ್ಲಿರಲಿಲ್ಲ ಎನ್ನಲು ಬಾಯಿ ತೆರೆದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ" ಅಂದೆ, "ಕೂಡೇ ಇದ್ದೆ."