ಹೋಟೆಲಿನವರು ಹಚ್ಚಿಸಿದ ಕುಂಕುಮ

ಸಾತವ್ವನ ಹಣೆಗೆ ಕುಂಕುಮ ಹಚ್ಚಿಸಿದವರು ಹೋಟೆಲಿನವರು. ಅದನ್ನು ಅಳಿಸಿಕೊಂಡು ಹೊರಗೆ ನಡೆ ಎಂದವರೂ ಅವರೇ. ಅವರ ಬಾಯಿಂದ ಆ ಮಾತು ಹೊರಡಿಸಿದವರು ಮಾತ್ರ ನನ್ನ ತವರಿನವರು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ನನ್ನ ತಮ್ಮ ಸೋಮಪ್ಪನದು ಗೋಕಾಕದಲ್ಲಿ ಬಟ್ಟೆ ಅಂಗಡಿ. ಅವನ ಮೊಮ್ಮಗ ರಾಹುಲನ ಮದುವೆಯನ್ನು ಹೋದ ಮಾಘದಲ್ಲಿ ಹುಕ್ಕೇರಿ ಕಡೆ ಹೆದ್ದಾರಿಗೆ ಹತ್ತಿದ ದೊಡ್ಡ ಹೋಟೆಲಿನಲ್ಲಿ ಮಾಡಿದರು. ನಾನು ಮೂಡಲಗಿಯಿಂದ ಮೊದಲೇ ಹೋಗಿ ಉಳಿದೆ. ನನಗೆ ಕೊಟ್ಟ ಕೋಣೆ ನನ್ನ ಇಡೀ ಮನೆಗಿಂತ ದೊಡ್ಡದು. ಕಿಟಕಿ ಇದೆ, ತೆರೆಯುವುದಿಲ್ಲ. ತಂಪು ಗಾಳಿ ನಿಲ್ಲಿಸುವುದು ಹೇಗೆಂದು ತಿಳಿಯದೆ ಪೆಟ್ಟಿಗೆಯಲ್ಲಿದ್ದ ಸೀರೆಗಳನ್ನೆಲ್ಲ ಒಂದರ ಮೇಲೊಂದು ಹೊದ್ದು ಮಲಗಿದೆ. ಬೆಳಗ್ಗೆ ಎದ್ದು ಚಹಾ ಕೇಳಿದರೆ, "ಇನ್ನೂ ಹೊತ್ತೈತ್ರಿ ಆಯಿ" ಎಂದರು. ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ.

ಗೇಟಿನ ಹೊರಗೆ ಬೇರೆ ಲೋಕ. ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು, ಚಾಲಕರು ಕಾಲು ಚಾಚಿ ಅವುಗಳ ಮೇಲೆಯೇ ಮಲಗಿದ್ದರು. ಪಂಕ್ಚರ್ ಅಂಗಡಿ ದಾಟಿ ಹೋಟೆಲಿನ ಕಂಪೌಂಡ್ ಹಿಡಿದು ಹಿಂದಕ್ಕೆ ನಡೆದೆ. ಒಳಗಿನಿಂದ ನೋಡಿದರೆ ಆ ಗೋಡೆಯ ತುಂಬ ಹೂಬಳ್ಳಿ. ಹೊರಗೆ ಬುಡದಲ್ಲೊಂದು ತೂತು. ನಾವು ಮಿಂದು ಬಿಟ್ಟ ನೀರು ಆ ತೂತಿನಿಂದ ಬಂದು ಒಂದು ಕೇರಿಯ ಓಣಿಯಲ್ಲಿ ಹರಿಯುತ್ತಿತ್ತು. ಒಬ್ಬ ಹೆಣ್ಣುಮಗಳು ಬಾಗಿಲ ಮುಂದೆ ಮಣ್ಣು ಹಾಕಿ ಅದನ್ನು ಆಚೆ ತಿರುಗಿಸುತ್ತಿದ್ದಳು. ಬರಿಯ ಹಣೆ, ಬರಿಯ ಕೈ. ಅವಳೇ ಸಾತವ್ವ.

"ಹೋಟೆಲ್ಲಿಗೆ ಬಂದವರೇನ್ರಿ ಆಯಿ? ಚಹಾ ಕುಡೀತೀರಿ?" ಎಂದಳು. ಮತ್ತೆ ತಾನೇ, "ನಮ್ಮ ಮನ್ಯಾಗ ಕುಡೀತೀರಲ್ಲ?" ಎಂದು ನನ್ನ ಮುಖ ನೋಡಿದಳು. ಬಾಗಿಲೊಳಗೆ ಬುದ್ಧನ ಪಟ, ಬಾಬಾಸಾಹೇಬರ ಪಟ ಕಾಣುತ್ತಿದ್ದವು.

"ಸಕ್ಕರಿ ಮುಂದ ಮಾಡಿ ಹಾಕ. ನಿನ್ನೆ ಆ ಹೋಟೆಲ್ಲಾಗ ಕೊಟ್ಟದ್ದು ಕಷಾಯ ಇದ್ದಂಗಿತ್ತು" ಎಂದೆ. ನಕ್ಕಳು.

ಚಹಾ ಕುಡಿಯುವಷ್ಟರಲ್ಲಿ ಅವಳ ಬದುಕೆಲ್ಲ ಗೊತ್ತಾಯಿತು. ತವರು ಮೇಲವಂಕಿ. ಗಂಡ ಉದ್ದಪ್ಪನ ಜೊತೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಊರೂರು ತಿರುಗಿದವಳು. ಮಗಳು ಶೀತಲ್‌ಳನ್ನು ಕಬ್ಬಿನ ನಡುವೆಯೇ ಸೀರೆ ಕಟ್ಟಿ ತೂಗಿದವಳು. ಮಳೆಯ ಕೆಸರಿನಲ್ಲಿ ಕಬ್ಬಿನ ಟ್ರೇಲರ್ ಮಗುಚಿ ಉದ್ದಪ್ಪ ಅಡಿಯಲ್ಲಿ ಸಿಕ್ಕ. ಆಮೇಲೆ ಹುಕ್ಕೇರಿಯ ಹೊಲಗಳಲ್ಲಿ ಕೂಲಿ ಮಾಡಿದಳು, ಈ ಹೋಟೆಲಿನ ನೆಲ ಒರೆಸಿದಳು. ಹೋಟೆಲಿನವರು ಊಟದ ಅಂಗಳದಲ್ಲೊಂದು ಹುಲ್ಲಿನ ಗುಡಿಸಲು ಕಟ್ಟಿ ಮಂದಿ ಎದುರಿಗೇ ರೊಟ್ಟಿ ಬಡಿಯುವವರನ್ನು ಹುಡುಕಿದಾಗ ಇವಳಿಗೆ ಆ ಕೆಲಸ ಸಿಕ್ಕಿತು. ಆ ಪಗಾರದಲ್ಲೇ ಶೀತಲ್ ಕೊಲ್ಲಾಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು.

ನಾನು ಅವಳ ಕೈ ನೋಡಿದ್ದನ್ನು ಕಂಡು ಅವಳೇ ಹೇಳಿದಳು: "ಬಳಿ ತಗೀ ಅಂತ ಯಾರೂ ಅನ್ನಲಿಲ್ರಿ. ನಮ್ಮಾಗ ಅದನ್ನ ಬಿಟ್ಟಾರ. ಅಂವ ಹೋದ ಮ್ಯಾಲ ನಂಗ ಮನಸ್ಸಾಗಲಿಲ್ಲ, ಅಷ್ಟ."

ಅದೇ ಸಾತವ್ವನನ್ನು ಮಧ್ಯಾಹ್ನ ಗುಡಿಸಲಿನಲ್ಲಿ ನೋಡಿ ನನಗೆ ಗುರುತೇ ಹತ್ತಲಿಲ್ಲ. ರೂಪಾಯಿ ಅಗಲದ ಕುಂಕುಮ, ಮೊಣಕೈತನಕ ಹಸಿರು ಬಳೆ, ಇಳಕಲ್ ಸೀರೆ.

"ಇದೇನ ವೇಷ?" ಎಂದೆ.

"ಮ್ಯಾನೇಜರ್ ಸಾಹೇಬರ ಹುಕುಂರಿ. ಹಳ್ಳಿ ಹೆಣಮಗಳ ಹಿಂಗ ಇರಬೇಕಂತ. ಡ್ಯೂಟಿ ಇರೂತನಾ ನನ್ನ ಗಂಡ ಜೀವಂತ ಇರತಾನ್ರಿ ಆಯಿ." ರೊಟ್ಟಿಯನ್ನು ಹಂಚಿನ ಮೇಲೆ ಒಗೆದಳು. ನಗಬೇಕೋ ಬೈಯಬೇಕೋ ನನಗೆ ತಿಳಿಯಲಿಲ್ಲ.

ಆ ಸಂಜೆ ಅದೇ ಅಂಗಳದಲ್ಲಿ ರಾಹುಲನಿಗೆ ಅರಿಶಿಣ ಹಚ್ಚುವ ಶಾಸ್ತ್ರ. ಐದು ಜನ ಮುತ್ತೈದೆಯರು ಬೇಕು. ಐದನೆಯವಳಾಗಿ ಬರಬೇಕಿದ್ದ ಹುಕ್ಕೇರಿಯ ಬೀಗಿತಿ ಇನ್ನೂ ಬಂದಿರಲಿಲ್ಲ. ರಾಹುಲನ ತಾಯಿ, ಸೋಮಪ್ಪನ ಸೊಸೆ ಸುಜಾತಾ ಅತ್ತ ಇತ್ತ ನೋಡಿ, ಗುಡಿಸಲಿನ ಸಾತವ್ವನ ಕೈ ಹಿಡಿದು ಎಳೆದಳು.

"ಬ್ಯಾಡ್ರಿ ಅಕ್ಕಾರ, ನಂಗ ಬ್ಯಾಡ್ರಿ" ಎಂದಳು ಸಾತವ್ವ. ನಾಚಿಕೆ ಎಂದುಕೊಂಡು ಎಲ್ಲರೂ ನಕ್ಕರು. ಅವಳು ಮ್ಯಾನೇಜರನ ಕಡೆ ನೋಡಿದಳು. ಅವಳ ಸಂಗತಿ ಗೊತ್ತಿದ್ದೂ ಅವನು, ಹೋಗು ಎಂದು ಕೈ ಆಡಿಸಿದ. ನಾನು ದೂರದ ಕುರ್ಚಿಯಲ್ಲಿದ್ದೆ. ಗಂಡ ಇಲ್ಲದವರಿಗೆ ನಮ್ಮಲ್ಲಿ ಅಲ್ಲೇ ಜಾಗ. ಸಾತವ್ವ ಅರಿಶಿಣ ಹಚ್ಚಿದಳು. ಅಕ್ಕಿ, ಒಣಕೊಬ್ಬರಿ, ಕುಬಸದ ಕಣ ಹಾಕಿ ಅವಳ ಉಡಿ ತುಂಬಿದರು.

ಅಷ್ಟರಲ್ಲಿ ಬೀಗಿತಿ ಬಂದಳು. ಸಾತವ್ವ ಕೂಲಿ ಮಾಡಿದ್ದು ಅವಳ ಹೊಲದಲ್ಲೇ.

"ಈಕಿ ಉದ್ದಪ್ಪನ ಹೇಣ್ತಿ ಅಲ್ಲೇನ? ಅಂವ ಸತ್ತ ಎಷ್ಟೋ ವರ್ಷ ಆತಲ್ಲ" ಎಂದಳು. ಮತ್ತೆ ಸುಜಾತಾಳ ಕಿವಿಯಲ್ಲಿ ಕೇರಿಯ ಹೆಸರು ಹೇಳಿದಳು.

"ಹಣಿ ತುಂಬ ಕುಂಕುಮ ಇಟಗೊಂಡ ಮಂದಿಗಿ ಮೋಸ ಮಾಡ್ತಿ?" ಎಂದು ಸುಜಾತಾ ಮೇಲೆ ಬಿದ್ದಳು. ರಾಹುಲನನ್ನು ಮತ್ತೆ ಮೀಯಿಸಬೇಕು, ನೀರು ಕಾಯಿಸಿ ಎಂದು ಕೂಗಿದಳು. ಕೇರಿಯ ಹೆಸರು ಕಿವಿಯಿಂದ ಕಿವಿಗೆ ಹೋದ ಮೇಲೆ ಗಂಡನ ಮಾತನ್ನು ಯಾರೂ ಎತ್ತಲಿಲ್ಲ. ಮುಟ್ಟಿದ್ದೇ ದೊಡ್ಡದಾಯಿತು.

ಮ್ಯಾನೇಜರ್ ಓಡಿ ಬಂದು, "ಕುಂಕುಮ ಅಳಿಸ್ಕೊ, ಸೀರಿ ಬಳಿ ಇಟ್ಟ ಹೋಗ. ನಾಳಿಂದ ಬರಬ್ಯಾಡ" ಎಂದ.

ನಾನು ಎದ್ದೆ. "ಆ ಕುಂಕುಮ ಯಾರದಪಾ? ನೀ ಹಚ್ಚಿಸಿದ್ದು. ಮೋಸ ಅಕಿದ ಹೆಂಗ ಆಗತೈತಿ?"

ಆಮೇಲೆ ಸುಜಾತಾಳಿಗೆ ಕೇಳಿದೆ: "ನನಗೂ ಗಂಡ ಇಲ್ಲ, ಆಗೂ ಇರಲಿಲ್ಲ. ನೀ ಬಾಣಂತಿ ಇದ್ದಾಗ ಈ ರಾಹುಲನ್ನ ಕಾಲ ಮ್ಯಾಲ ಹಾಕ್ಕೊಂಡ ನೀರ ಎರದಾಕಿ ಯಾರ?"

"ಅದ ಬ್ಯಾರೆ ಅತ್ತಿ, ಇದ ಮದವಿ."

ಸೋಮಪ್ಪ ನನ್ನ ರಟ್ಟೆ ಹಿಡಿದ. "ಅಕ್ಕಾ, ಶುಭಕಾರ್ಯದಾಗ ಬಾಯಿ ಮಾಡಬ್ಯಾಡ. ಒಳಗ ನಡಿ."

"ಕೊರಳಾಗಿನ ಲಿಂಗ ತಗದ ನನ್ನ ಕೈಯಾಗ ಕೊಡ ಸೋಮು. ಅದನ್ನ ಕಟಗೊಂಡ ಈ ಮಾತ ಆಡಬ್ಯಾಡ" ಎಂದೆ. ಚೀಲ ತೆಗೆದುಕೊಂಡು ಸಾತವ್ವನ ಬೆನ್ನು ಹತ್ತಿ ಅವಳ ಮನೆಗೆ ನಡೆದೆ.

ಅವಳೇನೂ ಸಂತೋಷಪಡಲಿಲ್ಲ. ಹಣೆ ತೊಳೆದುಕೊಂಡು ಬಂದು, "ನೀವ ಹೋಗ್ರಿ ಆಯಿ. ನಿಮ್ಮ ಸಿಟ್ಟಿನಿಂದ ನಂಗ ಪಗಾರ ಬರೂದಿಲ್ಲ. ಶೀತಲ್‌ಂದ ಇನ್ನೊಂದ ವರ್ಷ ಐತಿ" ಎಂದಳು. ಮಾತು ಖರೆ ಇತ್ತು. ಅದಕ್ಕೇ ನನ್ನ ಸಿಟ್ಟು ಇನ್ನಷ್ಟು ಏರಿತು.

ಮಂದಿ ನಾನೆಲ್ಲಿ ಎಂದು ಕೇಳತೊಡಗಿದ ಮೇಲೆ ಸೋಮಪ್ಪ ಬಂದ. ಧೋತರ ಎತ್ತಿ ಹಿಡಿದು, ನಮ್ಮದೇ ಮೈಲಿಗೆ ನೀರನ್ನು ದಾಟಿ, ಬಾಗಿಲ ಹೊರಗೆ ನಿಂತ.

"ಅಕಿ ಕೆಲಸ ಅಕಿಗೆ ಬರಬೇಕು. ನಿಮ್ಮ ಮಾತಿಗೆ ತಗದಾರ, ನಿಮ್ಮ ಮಾತಿಗೇ ಇಟಗೋಬೇಕು. ಅಲ್ಲೀತನಾ ನಾ ಬರಾಂಗಿಲ್ಲ" ಎಂದೆ.

ಅವನು ಫೋನ್ ಮಾಡಿದ. ಬರಲಿ, ಆದರೆ ಮುಂದೆ ಬೇಡ, ಹಿಂದಿನ ಅಡುಗೆಮನೆಯಲ್ಲಿರಲಿ ಎಂದನಂತೆ ಮ್ಯಾನೇಜರ್. ನಾನು ಬಾಯಿ ತೆರೆಯುವ ಮೊದಲೇ ಸಾತವ್ವ ಎದ್ದು ಬಂದಳು.

"ಹಿಂದ ಗ್ಯಾಸಿನ ಮ್ಯಾಲ ಮಾಡಾಕ ಮಂದಿ ಅದಾರ್ರಿ ಸಾವಕಾರ್ರ. ಎಂಟ ದಿನದಾಗ ನನ್ನ ಬಿಡಸ್ತಾರ. ಕುಂತರ ಅದ ಒಲಿ ಮುಂದ ಕುಂದರತೇನಿ. ಬಳಿ ಇಲ್ಲ, ಕುಂಕುಮ ಇಲ್ಲ. ಇಷ್ಟ ಹೇಳ್ರಿ ಅವರಿಗಿ."

ಸೋಮಪ್ಪ ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ. ಅವನು ಮತ್ತೆ ಫೋನ್ ಹಚ್ಚಿ, ತಡವರಿಸುತ್ತ, ಅವಳು ಹೇಳಿದ್ದನ್ನೇ ಹೇಳಿದ. ಮದುವೆ ಮಂದಿಗೆ ಬಿಸಿ ರೊಟ್ಟಿ ಬೇಕೇಬೇಕಿತ್ತು. ಮ್ಯಾನೇಜರ್ ಒಪ್ಪಿಕೊಂಡ.

ಮರುದಿನ ಸಾತವ್ವ ತನ್ನ ಸೀರೆಯಲ್ಲಿ, ಬರಿಯ ಹಣೆಯಲ್ಲಿ ಒಲೆಯ ಮುಂದೆ ಕುಳಿತಳು. ಇವತ್ತಿಗೂ ಹಾಗೆಯೇ ಕೂರುತ್ತಾಳೆ, ಫೋನಿನಲ್ಲಿ ಹೇಳುತ್ತಿರುತ್ತಾಳೆ. ಅವತ್ತು ಸುಜಾತಾಳ ಕಡೆಯವರು ಗುಡಿಸಲನ್ನು ಸುತ್ತು ಹಾಕಿ ಪೂರಿಯ ಕಡೆ ಹೋದರು. ಉಳಿದವರು ಬಂದರು. ಮಂಟಪದಲ್ಲಿ ಅಕ್ಕಿಕಾಳು ಹಾಕುವಾಗ ನನ್ನನ್ನು ಕರೆದರು. ನಾನು ಹೋಗಲಿಲ್ಲ, ಸಾತವ್ವನ ಬಾಜೂ ಕುಳಿತು ರೊಟ್ಟಿಗೆ ಬೆಣ್ಣೆ ಹಚ್ಚುತ್ತಿದ್ದೆ.

ಎಲ್ಲರದೂ ಮುಗಿದ ಮೇಲೆ ಸೋಮಪ್ಪ ಖಾಲಿ ತಟ್ಟೆ ಹಿಡಿದುಕೊಂಡು ಬಂದು ನಿಂತ. ಸಾತವ್ವ ಹಂಚಿನ ಮೇಲಿನದನ್ನೇ ತೆಗೆದು ಅವನ ತಟ್ಟೆಗೆ ಹಾಕಿದಳು. ನಾನಾಗಿದ್ದರೆ ಹಾಕುತ್ತಿರಲಿಲ್ಲ.