ಬಂದೂಕಿಗೆ ಕುಸುಬಿ ಎಣ್ಣೆ

ಸುದ್ದಿಮನೆಯಲ್ಲಿ ಇಪ್ಪತ್ತೆರಡು ವರ್ಷ ಕೂತು ಬೇರೆಯವರ ತಪ್ಪು ಹುಡುಕಿದವನು ನಾನು. ಆದರೂ ನನ್ನದೇ ತಪ್ಪು ಕಣ್ಣೆದುರು ಬಿದ್ದಾಗ ಅದನ್ನು ಒಪ್ಪಿಕೊಳ್ಳಲು ಆರು ನಿಮಿಷ ಹಿಡಿಯಿತು.

ಶಹಾಬಾದಿನ ಹೊರಗೆ ಫರ್ಸಿ ಕಲ್ಲು ತೆಗೆದು ಬಿಟ್ಟ ಹಳೆಯ ಗಣಿಯೇ ನಮ್ಮ ಶೂಟಿಂಗ್ ಕ್ಲಬ್ಬಿನ ಮೈದಾನ. ಎದುರಿಗೆ ಕಲ್ಲಿನ ಗೋಡೆ, ಅದರ ಮುಂದೆ ಮಣ್ಣಿನ ದಿಬ್ಬ, ದಿಬ್ಬಕ್ಕೆ ಆನಿಸಿದ ಗುರಿಹಲಗೆ. ಸದಸ್ಯರು ಹನ್ನೊಂದು, ಬಂದೂಕು ಎರಡು. ವೈದ್ಯರು ನನಗೆ ದಿನಾ ನಡೆಯಿರಿ ಎಂದಿದ್ದರು. ಮಲಗಿಕೊಂಡೇ ಆಡುವ ಆಟವೊಂದಿದೆ ಎಂದು ತಿಳಿದ ಮೇಲೆ ಸೇಡಂನಿಂದ ಬಂದು ಇಲ್ಲಿ ಸೇರಿದೆ.

ಆ ಭಾನುವಾರ ರಾಜ್ಯಮಟ್ಟದ ಸ್ಪರ್ಧೆಗೆ ಒಬ್ಬರನ್ನು ಆರಿಸಬೇಕಿತ್ತು. ಹತ್ತು ಗುಂಡು, ನೂರು ಅಂಕ. ಚಿತ್ತಾಪುರದ ವಕೀಲರೊಬ್ಬರು ಒಂದು ಬಂದೂಕಿನಲ್ಲಿ ಹೊಡೆದು ತೊಂಬತ್ತೊಂದು ಗಳಿಸಿ ಚಹಾ ಕುಡಿಯುತ್ತಿದ್ದರು. ಇನ್ನೊಂದು ಬಂದೂಕಿನ ಹಿಂದೆ ಚಂದಾಪುರದ ಶಾಲಾ ಶಿಕ್ಷಕಿ ಮಲಗಿದ್ದರು. ಎಂಟು ಗುಂಡಿಗೆ ಎಪ್ಪತ್ತಾರು. ಉಳಿದ ಎರಡರಲ್ಲಿ ಹದಿನಾರು ಬಂದರೆ ಅವರು ಹೋಗುತ್ತಾರೆ, ಇಲ್ಲದಿದ್ದರೆ ವಕೀಲರು.

ಒಂಬತ್ತನೆಯದಕ್ಕೆ ಅವರು ಕುದುರೆ ಎಳೆದರು. ‘ಟಕ್’ ಎಂದಿತು. ಗುಂಡು ಹಾರಲಿಲ್ಲ.

ಅವರು ಕದಲಲಿಲ್ಲ. ನಳಿಗೆಯನ್ನು ಗುರಿಯತ್ತಲೇ ಇಟ್ಟು ಎಡಗೈ ಎತ್ತಿದರು. ಮೈದಾನದ ಉಸ್ತುವಾರಿ ನೋಡುವ ನಿವೃತ್ತ ಹವಾಲ್ದಾರರು ಗಟ್ಟಿಯಾಗಿ ಮೂವತ್ತರವರೆಗೆ ಎಣಿಸಿ, ಬೋಲ್ಟ್ ಹಿಂದಕ್ಕೆಳೆದು ತೋಟಾ ಹೊರತೆಗೆದರು. ಈ ಸಣ್ಣ ತೋಟಾದ ಮದ್ದು ಹೊತ್ತಿಕೊಳ್ಳುವುದು ಅದರ ಬುಡದ ಅಂಚಿನಲ್ಲಿ. ಬೋಲ್ಟಿನೊಳಗಿನ ಪಿನ್ನು ಆ ಅಂಚನ್ನು ಜಜ್ಜಬೇಕು. ಇಲ್ಲಿ ಉಗುರು ತಾಗಿಸಿದಷ್ಟೇ ಗುರುತಿತ್ತು. ಬೇರೆ ತೋಟಾ ಹಾಕಿದರು. ಮತ್ತೆ ‘ಟಕ್’.

ನಾನು ನೋಟ್‌ಬುಕ್ ತೆಗೆದೆ. ಸಮಯ, ಗಾಳಿ, ತೋಟಾ ಡಬ್ಬಿಯ ಬಣ್ಣ ಎಲ್ಲ ಬರೆದುಕೊಂಡೆ.

“ತೋಟಾ ಹಳೇವು ಇರಬಹುದೇನ್ರಿ, ಸಾಹೇಬ್ರ?”

“ಇದೇ ಡಬ್ಬಿದು ವಕೀಲ್ರು ಹತ್ತೂ ಹೊಡದಾರ. ಜರಾ ಸುಮ್ಮ ಕುಂದ್ರಿ,” ಎಂದರು ಹವಾಲ್ದಾರರು.

ನಿಯಮ ಸರಳ. ಬಂದೂಕು ಕೆಟ್ಟದ್ದು ಹೊಡೆಯುವವರ ತಪ್ಪಿನಿಂದಲ್ಲವಾದರೆ ಇನ್ನೊಂದು ಬಂದೂಕು ಕೊಡುತ್ತಾರೆ. ಅವರೇ ಸರಿಯಾಗಿ ಸ್ವಚ್ಛ ಮಾಡದೆ ಕೆಟ್ಟಿದ್ದರೆ ಉಳಿದ ಗುಂಡುಗಳಿಗೆ ಸೊನ್ನೆ. ಹವಾಲ್ದಾರರು ರಿಜಿಸ್ಟರ್ ತೆರೆದರು. ಹಿಂದಿನ ಭಾನುವಾರ ಈ ಬಂದೂಕು ಸ್ವಚ್ಛ ಮಾಡುವ ಪಾಳಿ ಶಿಕ್ಷಕಿಯದು. ಸಹಿಯೂ ಅವರದೇ.

ಬೋಲ್ಟ್ ಬಿಚ್ಚಿ ಪಿನ್ನು ಹೊರಗೆಳೆದಾಗ ಅದಕ್ಕೆ ಬೆಲ್ಲದ ಪಾಕದಂಥ ಕಂದು ಅಂಟು ಹತ್ತಿತ್ತು. ಹವಾಲ್ದಾರರು ಮೂಸಿ ನೋಡಿದರು.

“ಇದು ಬಂದೂಕಿನ ಎಣ್ಣಿ ಅಲ್ಲ. ಒಗ್ಗರಣಿ ವಾಸನಿ ಬರ್ಲಿಕತ್ತದ.”

“ಹಂಗಾದ್ರ ಚುರುಮುರಿ ಸುಸಲಾ ಎಲ್ಲಿ ಅದ್ರಿ?” ಎಂದರು ವಕೀಲರು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನಗು ಮುಗಿಯುವ ಮೊದಲೇ ನೆನಪಾಯಿತು.

ಹಿಂದಿನ ಭಾನುವಾರ ಶಿಕ್ಷಕಿಗೆ ಊರಿಗೆ ಹೋಗುವ ಚಿಂಚೋಳಿ ಬಸ್ ತಪ್ಪುವುದರಲ್ಲಿತ್ತು. “ನೀವು ಹೋಗ್ರಿ, ನಾ ಮಾಡ್ತೀನಿ” ಎಂದು ದೊಡ್ಡಸ್ತಿಕೆ ತೋರಿಸಿದ್ದೆ. ಅವರು ಸಹಿ ಹಾಕಿ ಓಡಿದ್ದರು. ನೋಡಿದರೆ ಎಣ್ಣೆ ಡಬ್ಬಿ ಖಾಲಿ. ನನ್ನ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಹಿಂಡಿಯ ಮೇಲೆ ಹಾಕಿಕೊಳ್ಳಲು ಪುಟ್ಟ ಸೀಸೆಯಲ್ಲಿ ಕುಸುಬಿ ಎಣ್ಣೆ ಇದ್ದವು. ನಮ್ಮ ಮನೆಯಲ್ಲಿ ಬಾಗಿಲ ಕೀಲಿಗೂ ಸೈಕಲ್ ಚೈನಿಗೂ ಅದೇ ಎಣ್ಣೆ. ಬೋಲ್ಟಿಗೂ ಧಾರಾಳವಾಗಿ ಸುರಿದೆ. ವಾರವಿಡೀ ಅದು ಕಲ್ಲಿನ ಪುಡಿ ಕುಡಿದು ಗೋಂದಾಗಿತ್ತು, ಈಗ ಎಂಟು ಗುಂಡಿನ ಮಸಿಯೂ ಸೇರಿ ಪಿನ್ನನ್ನು ಹಿಡಿದು ನಿಲ್ಲಿಸಿತ್ತು.

ಶಿಕ್ಷಕಿ ನನ್ನತ್ತ ಒಮ್ಮೆ ನೋಡಿದರು. ಆಮೇಲೆ ಗುರಿಹಲಗೆಯತ್ತ ತಿರುಗಿದರು. ಅವರೇ ನನ್ನ ಹೆಸರು ಹೇಳಿದ್ದರೆ ನಾನು ಪ್ರತಿಕ್ರಿಯೆ ಕೊಟ್ಟು ಪಾರಾಗುತ್ತಿದ್ದೆ. ಈಗ ಸುದ್ದಿಮೂಲ ನಾನೇ ಆಗಬೇಕಾಯಿತು. ನೋಟ್‌ಬುಕ್ಕಿನ ಖಾಲಿ ಪುಟಗಳನ್ನು ಎರಡು ಸಲ ತಿರುವಿ ಹಾಕಿ ಎದ್ದು ನಿಂತೆ.

“ಸಾಹೇಬ್ರ, ಕಳೆದ ವಾರ ಎಣ್ಣೆಯ ಕೊರತೆ ಕಂಡುಬಂದ ಹಿನ್ನೆಲೆಯಲ್ಲಿ, ಪರ್ಯಾಯ ವ್ಯವಸ್ಥೆಯಾಗಿ...”

“ಕನ್ನಡದಾಗ ಹೇಳ್ರಿ.”

“ನಾ ಹಚ್ಚೀನ್ರಿ. ಕುಸುಬಿ ಎಣ್ಣಿ. ಅವ್ರು ಬಂದೂಕ ಮುಟ್ಟಿಲ್ಲ.”

ಹವಾಲ್ದಾರರು ನನ್ನನ್ನು ಬೈಯಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ರಿಜಿಸ್ಟರ್ ನನ್ನ ಮುಂದೆ ತಳ್ಳಿ, ಬರೆದುಕೊಟ್ಟ ಮೇಲೆಯೇ ಸ್ಪರ್ಧೆ ಮುಂದುವರಿಯುತ್ತದೆ ಎಂದರು. ನಾನು ಬರೆಯತೊಡಗಿದೆ. ಬಸ್ಸಿನ ಪ್ರಸಂಗ, ಡಬ್ಬಿಯ ಸ್ಥಿತಿ, ನನ್ನ ಸದುದ್ದೇಶ. ಹದಿನಾಲ್ಕು ಸಾಲಾಯಿತು.

ಚಾಪೆಯ ಮೇಲಿಂದ ಶಿಕ್ಷಕಿ ಕೂಗಿದರು: “ಕಾಕಾ, ಸಣ್ಣಗ ಬರೀರಿ. ಈ ವಾರಾನೂ ಬಸ್ ಹೋಗ್ತದ.”

ಹವಾಲ್ದಾರರು ಪೆನ್ನು ಕಸಿದುಕೊಂಡು ಹದಿಮೂರು ಸಾಲು ಹೊಡೆದುಹಾಕಿದರು. ‘ತಪ್ಪು ಎಣ್ಣೆ ಹಾಕಿದವನು ನಾನು’ ಎಂಬುದಷ್ಟೇ ಉಳಿಯಿತು. ಇಪ್ಪತ್ತೆರಡು ವರ್ಷ ಇನ್ನೊಬ್ಬರ ಬರಹಕ್ಕೆ ಮಾಡಿದ್ದನ್ನು ಅವರು ನನ್ನ ಬರಹಕ್ಕೆ ಅರ್ಧ ನಿಮಿಷದಲ್ಲಿ ಮಾಡಿದ್ದರು. ಸರಿಯಾಗಿಯೇ ಮಾಡಿದ್ದರು.

ವಕೀಲರು ಹೊಡೆದಿದ್ದ ಬಂದೂಕನ್ನು ಶಿಕ್ಷಕಿಗೆ ಕೊಟ್ಟರು; ಅದು ಅವರ ಭುಜಕ್ಕೆ ಹೊಂದುತ್ತಿರಲಿಲ್ಲ. ಮೊದಲ ಗುಂಡಿಗೆ ಏಳು. ವಕೀಲರು ಚಹಾದ ಲೋಟ ಕೆಳಗಿಟ್ಟರು. ನಾನು ಉಸಿರು ಬಿಗಿಹಿಡಿದೆ. ಹೊಡೆಯುವಾಗ ಎಂದೂ ಅಷ್ಟು ಚೆನ್ನಾಗಿ ಹಿಡಿದಿರಲಿಲ್ಲ.

ಎರಡನೆಯದಕ್ಕೆ ಒಂಬತ್ತು.

ಅವರು ಚಾಪೆ ಸುತ್ತಿಟ್ಟು, ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಹತ್ತಿರ ಬಂದರು. ನಾನು ಅಭಿನಂದನೆಯ ಮಾತು ಜೋಡಿಸಿಕೊಳ್ಳುತ್ತಿದ್ದೆ.

“ಕಾಕಾ, ಇನ್ಮುಂದ ನನ್ನ ಪಾಳಿ ನಾನೇ ಮಾಡ್ತೀನ್ರಿ,” ಎಂದರು. “ಬಸ್ ಹೋದ್ರ ಹೋಗ್ಲಿ.”