ಒಂದು ಹಡಗು ಗೋಧಿ

ಅಮ್ಮತ್ತಿ ಹತ್ತಿರದ ನಮ್ಮ ಹೋಂಸ್ಟೇಯನ್ನು ದೆಹಲಿಯ ವಿದೇಶಾಂಗ ಅಧಿಕಾರಿಯೊಬ್ಬರು ಪೂರ್ತಿ ಬುಕ್ ಮಾಡಿದಾಗ, ಯಾವುದೋ ಆಫೀಸಿನವರ ಪಿಕ್‌ನಿಕ್ ಇರಬೇಕು ಎಂದುಕೊಂಡಿದ್ದೆ. ಮೈಸೂರಿನಲ್ಲಿ ಬೆಳೆದ ಹೆಂಗಸು. "ಬೇರೆ ಗೆಸ್ಟ್ ಬೇಡ ಅಕ್ಕ, ಫೋಟೋನೂ ಬೇಡ" ಎಂದಷ್ಟೇ ಹೇಳಿದ್ದರು.

ತೋಟದಲ್ಲೆಲ್ಲ ಕಾಫಿ ಹೂ ಅರಳಿದ್ದ ವಾರವದು. ಬೇರೆ ಬೇರೆ ಕಾರುಗಳಲ್ಲಿ ವಯಸ್ಸಾದ ಇಬ್ಬರು ಗಂಡಸರು ಬಂದಿಳಿದರು. ಒಬ್ಬರಿಗೆ ಬಿಳಿ ಗಡ್ಡ, ಇನ್ನೊಬ್ಬರಿಗೆ ದಪ್ಪ ಕನ್ನಡಕ. ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ.

"ಎಂಥ ಮೇಡಂ, ಇವ್ರು ಬೇರೆ ಬೇರೆ ದೇಶದವ್ರಾ?" ಅಧಿಕಾರಿ ಅಡುಗೆಮನೆಗೆ ಬಂದಾಗ ಕೇಳಿದೆ.

"ಒಂದೇ ದೇಶ. ಒಂದೇ ಸರ್ಕಾರದ ಮಂತ್ರಿಗಳು. ಒಂದೇ ಶಾಲೇಲಿ ಓದಿದವ್ರು. ಈಗ ಎರಡು ಬಣ ಆಗಿ ಅವ್ರ ಜನ ಗುಂಡು ಹಾರಿಸ್ಕೊಳ್ತಿದಾರೆ. ಬಂದರು ಗಡ್ಡದವ್ರ ಕೈಲಿ, ಬ್ಯಾಂಕು ಕನ್ನಡಕದವ್ರ ಕೈಲಿ. ಅಲ್ಲಿನ ನೋಟಿಗೆ ಬೆಲೆನೇ ಇಲ್ಲ, ಜನಕ್ಕೆ ರೊಟ್ಟಿ ಇಲ್ಲ. ನಾವು ಗೋಧಿ ಕೊಡೋಕೆ ತಯಾರು. ಆದ್ರೆ ಇಳಿಸೋಕೆ ಬಂದರು ಬೇಕು, ಸಾಗಣೆ ಖರ್ಚಿಗೆ ಬ್ಯಾಂಕು ಬೇಕು, ಇಬ್ರೂ ಒಪ್ಪದೆ ಹಡಗು ಹೊರಡಲ್ಲ."

ನನ್ನ ಊಟದ ಮೇಜಿನ ಎರಡು ತುದಿಗಳಲ್ಲಿ ಅವರು ಕುಳಿತರು. ಕಾಫಿ ಕೊಡಲು ಹೋದಾಗಲೆಲ್ಲ ಕೂಗಾಟ. ಅವರಿಬ್ಬರೂ ದಣಿಯುವವರೆಗೆ ಅಧಿಕಾರಿ ಸುಮ್ಮನಿರುತ್ತಿದ್ದರು. ಆಮೇಲೆ ಅವರ ಭಾಷೆಯಲ್ಲೇ ಮೆಲ್ಲಗೆ ಒಂದು ಮಾತು. ಅಂಥ ತಾಳ್ಮೆಯನ್ನು ನಾನು ಕಂಡದ್ದಿಲ್ಲ.

ಎರಡನೆಯ ದಿನ ಮಧ್ಯಾಹ್ನ ಗಡ್ಡದವರು ಬಡಿಸಿದ ನೂಪುಟ್ಟು, ನಮ್ಮ ಅಕ್ಕಿ ಶಾವಿಗೆ, ಮುಟ್ಟದೆ ವಾದಿಸುತ್ತಿದ್ದರು. ಇದ್ದಕ್ಕಿದ್ದಂತೆ ಮಾತು ತೊದಲಿತು, ಮೈಯೆಲ್ಲ ಬೆವರಿತು, ಕೈ ನಡುಗಿತು. ಕನ್ನಡಕದವರು ಕುರ್ಚಿ ಬೀಳಿಸಿಕೊಂಡೇ ನನ್ನ ಅಡುಗೆಮನೆಗೆ ಓಡಿಬಂದರು. "ಶುಗರ್! ಶುಗರ್!"

ಗಾಬರಿಯಲ್ಲಿ ಕೈಗೆ ಸಿಕ್ಕ ಜೇನಿನ ಬಾಟಲಿ ಕೊಟ್ಟೆ. ಅವರು ಗಡ್ಡದವರ ತಲೆಯನ್ನು ತಮ್ಮ ಎದೆಗಾನಿಸಿಕೊಂಡು ಚಮಚದಲ್ಲಿ ಸ್ವಲ್ಪಸ್ವಲ್ಪವೇ ನೆಕ್ಕಿಸಿದರು. ನೆಕ್ಕಿಸುತ್ತಲೇ ಬೈಯುತ್ತಿದ್ದರು.

"ಎಂಥ ಹೇಳ್ತಿದಾರೆ ಮೇಡಂ?"

"ಇನ್ಸುಲಿನ್ ತಗೊಂಡು ಊಟ ಬಿಡ್ಬೇಡ ಅಂತ ಶಾಲೆಯಿಂದ ಹೇಳ್ತಾ ಇದೀನಿ, ಯಾವತ್ತು ಕೇಳಿದೀಯ ನೀನು, ಅಂತ."

ಇನ್ನೇನು, ಜಗಳ ಮುಗಿಯಿತು ಎಂದುಕೊಂಡೆ. ಇಲ್ಲ. ಗಡ್ಡದವರು ಚೇತರಿಸಿಕೊಂಡದ್ದೇ ತಡ, ಇಬ್ಬರೂ ಮತ್ತೆ ತಮ್ಮ ತಮ್ಮ ತುದಿಗೆ ಹೋಗಿ ಕುಳಿತರು.

"ಇಷ್ಟಾದ್ಮೇಲೂನಾ?"

"ಇಬ್ರ ಹಿಂದೇನೂ ಸತ್ತವ್ರ ಮನೆಯವ್ರು ನಿಂತಿದಾರೆ ಅಕ್ಕ" ಎಂದರು ಅಧಿಕಾರಿ.

ಸ್ನಾನಕ್ಕೆ ಬಿಸಿನೀರು ಕೇಳಿದ್ದ, ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದ ಈ ಮುದುಕರ ಒಂದು ಹೂಂ, ಒಂದು ಊಹೂಂ ಮೇಲೆ ಎಷ್ಟು ಮನೆಗಳ ಒಲೆ ನಿಂತಿದೆ!

ಸಂಜೆಯ ಹೊತ್ತಿಗೆ ಗೋಧಿಗೆ ಮಾತ್ರ ಒಪ್ಪಿದರು. ಕದನ ನಿಲ್ಲಿಸಲು ಒಪ್ಪಲಿಲ್ಲ. ಕೈ ಕುಲುಕದೆ, ಬಂದ ಹಾಗೆಯೇ ಬೇರೆ ಬೇರೆ ಕಾರುಗಳಲ್ಲಿ ಹೊರಟುಹೋದರು. ಅಧಿಕಾರಿ ಜಗಲಿಯಲ್ಲಿ ಕುಳಿತು ಕಣ್ಣು ಮುಚ್ಚಿದವರು ಅಲ್ಲೇ ನಿದ್ದೆಹೋದರು.

ಕೆಲವು ವಾರಗಳ ನಂತರ ಪತ್ರಿಕೆಯ ಒಳಪುಟದಲ್ಲಿ ಒಂದು ಚಿತ್ರ ಬಂತು: ಬಂದರಿನ ಗೇಟಿನ ಹೊರಗೆ ಖಾಲಿ ಚೀಲ ಹಿಡಿದು ನಿಂತ ಹೆಂಗಸರ ಸಾಲು, ಹಿಂದೆ ನಮ್ಮ ಗೋಧಿಯ ಹಡಗು. ಕಾಳಗ ಮುಂದುವರಿದಿದೆ ಎಂದೂ ಅದರ ಕೆಳಗೇ ಬರೆದಿತ್ತು. ಆ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತ ತುಂಬ ಹೊತ್ತು ಕುಳಿತಿದ್ದೆ.